ಯಂತ್ರ ತಿದ್ದಬಹುದಾದ ತಪ್ಪು, ತಿದ್ದಬಾರದ ತಪ್ಪು

ಕನ್ನಡ ಬರೆಯಬಲ್ಲ ಒಂದು ಗಣಕಯಂತ್ರವನ್ನಾಗಲಿ ಮೊಬೈಲ್ ಫೋನನ್ನಾಗಲಿ ತೆಗೆದುಕೊಂಡು, ಸಿಂಧನೂರು ಎಂಬ ಊರಿನ ಹೆಸರನ್ನು ಎರಡು ಸಲ ಬರೆಯಿರಿ. ಮೊದಲನೆಯ ಸಲ 'ಸಿ' ಅಕ್ಷರದ ಮುಂದೆ ಅನುಸ್ವಾರವನ್ನು ಒತ್ತಿರಿ. ಎರಡನೆಯ ಸಲ ಅದೇ ಎಡೆಯಲ್ಲಿ ಕನ್ನಡ ಅಂಕಿಯಾದ ಸೊನ್ನೆಯನ್ನು ಒತ್ತಿರಿ. ತೆರೆಯ ಮೇಲೆ ಮೂಡುವ ರೂಪಗಳು ಇವು: ಸಿಂಧನೂರು, ಸಿ೦ಧನೂರು. ಇವೆರಡರ ಭೇದವನ್ನು ಗುರುತಿಸುವುದು ಸಾಮಾನ್ಯ ಓದುಗನ ಕಣ್ಣಿಗೆ ಬಲು ಕಷ್ಟ. ಯಂತ್ರಕ್ಕಾದರೋ ಅವು ಬೇರೆ ಬೇರೆ ಪದಗಳು. ಅನುಸ್ವಾರವನ್ನು ಅದು ೩೨೦೨ ಎಂಬ ಸಂಖ್ಯೆಯಿಂದಲೂ ಸೊನ್ನೆಯನ್ನು ೩೩೦೨ ಎಂಬ ಸಂಖ್ಯೆಯಿಂದಲೂ ಗುರುತಿಸುತ್ತದೆ. ಒಂದನ್ನು ಹುಡುಕು ಎಂದರೆ ಇನ್ನೊಂದನ್ನು ಅದು ತಂದುಕೊಡುವುದಿಲ್ಲ.

ಇದರಿಂದ ಯಾರಿಗೆ ಏನು ನಷ್ಟ ಎಂದು ಕೇಳಬಹುದು. ಊರಿನ ಹೆಸರಿನ ಬದಲು ಒಬ್ಬಳು ಮುದುಕಿಯ ಹೆಸರನ್ನು ಊಹಿಸಿಕೊಳ್ಳಿ. ಆಕೆಯ ಹೆಸರು ಗಂಗಮ್ಮ. ಅದು ಒಂದು ಪಟ್ಟಿಯಲ್ಲಿ ಅನುಸ್ವಾರದೊಡನೆಯೂ ಮತ್ತೊಂದು ಪಟ್ಟಿಯಲ್ಲಿ ಸೊನ್ನೆಯೊಡನೆಯೂ ಬೆರಳಚ್ಚಾಗಿದೆ. ಎರಡು ಪಟ್ಟಿಗಳನ್ನು ಯಂತ್ರವು ಹೋಲಿಸಿದಾಗ ಹೆಸರು ಇದ್ದೂ ಇಲ್ಲವೆಂದಾಗುತ್ತದೆ. ಪಟ್ಟಿಯನ್ನು ಕಣ್ಣಾರೆ ನೋಡಿದ ಗುಮಾಸ್ತನಿಗೆ ತಪ್ಪು ಎಲ್ಲಿದೆಯೆಂದು ತಿಳಿಯದು. ಅಕ್ಷರ ಬಾರದ ಆಕೆಗಂತೂ ತಿಳಿಯುವ ಬಗೆಯೇ ಇಲ್ಲ. ಗ್ರಂಥಾಲಯದ ಸೂಚಿ, ಪರೀಕ್ಷೆಯ ಫಲಿತಾಂಶ, ಹಳ್ಳಿಗಳ ಹೆಸರಿನ ಯಾದಿ ಇವೆಲ್ಲಕ್ಕೂ ಇದೇ ಮಾತು ಸಲ್ಲುತ್ತದೆ.

ಹೀಗೆ ಬರೆಹದ ಕಡತಗಳಲ್ಲಿ ಸೇರಿಕೊಂಡಿರುವ ದೋಷಗಳನ್ನು ಶೋಧಿಸಿ ಸರಿಪಡಿಸುವ ತಂತ್ರಾಂಶಗಳು ಈಗ ಬಳಕೆಯಲ್ಲಿವೆ. ಅವು ಅಗತ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ತಪ್ಪನ್ನು ಯಂತ್ರಕ್ಕೆ ಒಪ್ಪಿಸಬೇಕು, ಯಾವುದನ್ನು ಒಪ್ಪಿಸಬಾರದು ಎಂಬ ವಿವೇಚನೆ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಪದವಿ ತರಗತಿಗಳಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನನಗೆ ಈ ವಿವೇಚನೆಯ ಬೀಜವು ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಮೊದಲ ವಾರದಲ್ಲಿಯೇ ಕಲಿಯುವ ಒಂದು ಪಾಠದಲ್ಲಿ ಇದೆಯೆಂದು ತೋರುತ್ತದೆ. ಅದನ್ನು ವಿವರಿಸುವುದಕ್ಕೆ ಮುನ್ನ ದೋಷಗಳು ಹುಟ್ಟಿದ ಬಗೆಯನ್ನು ತಿಳಿಯುವುದು ಒಳ್ಳೆಯದು.

ಗಣಕಯಂತ್ರದ ಕಡತದಲ್ಲಿ ಇರುವುವು ಅಕ್ಷರಗಳಲ್ಲ, ಸಂಖ್ಯೆಗಳು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಒಪ್ಪಂದವೊಂದು ಇದ್ದಾಗ ಮಾತ್ರ ಆ ಸಂಖ್ಯೆಗಳ ಸಾಲು ಬರೆಹವಾಗುತ್ತದೆ. ೧೯೬೩ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಒಪ್ಪಂದದಲ್ಲಿ ಒಟ್ಟು ೧೨೮ ಸ್ಥಾನಗಳು. ಇಂಗ್ಲಿಷಿನ ಅಕ್ಷರಗಳಿಗೂ ಅಂಕಿಗಳಿಗೂ ಕೆಲವು ಚಿಹ್ನೆಗಳಿಗೂ ಅಷ್ಟು ಸಾಕು. ಮುಂದೆ ಸ್ಥಾನಗಳು ೨೫೬ಕ್ಕೆ ಏರಿ, ಯುರೋಪಿನ ಇತರ ಭಾಷೆಗಳ ಅಕ್ಷರಗಳೂ ಅದರಲ್ಲಿ ಹಿಡಿದುವು. ಕನ್ನಡದ ಗತಿಯೇನು? ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ಲೆಕ್ಕ ಹಿಡಿದರೆ ನಮ್ಮ ಲಿಪಿಯಲ್ಲಿ ಸಾವಿರಾರು ರೂಪಗಳುಂಟು. ಒಂದೊಂದಕ್ಕೆ ಒಂದೊಂದು ಸ್ಥಾನವನ್ನು ಕೊಡಲು ೨೫೬ ಮನೆಗಳ ಈ ಕೇರಿಯಲ್ಲಿ ಎಡೆಯಿರಲಿಲ್ಲ.

ಈ ಕಷ್ಟಕ್ಕೆ ಅಂದಿನ ತಂತ್ರಜ್ಞರು ಕಂಡುಕೊಂಡ ಉಪಾಯ ಹಳೆಯ ಮುದ್ರಣಾಲಯದ್ದೇ. ಮೊಳೆ ಜೋಡಿಸುವವನ ಪೆಟ್ಟಿಗೆಯಲ್ಲಿ ಅಕ್ಷರಗಳೆಲ್ಲ ಇಡಿಯಾಗಿ ಇರುತ್ತಿರಲಿಲ್ಲ. ತಲೆಕಟ್ಟು ಒಂದು ಖಾನೆಯಲ್ಲಿ, ಕೊಂಬು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ ಇರುತ್ತಿದ್ದುವು. ಅವನ್ನು ಜೋಡಿಸಿ ಅವನು ಅಕ್ಷರವನ್ನು ಕಟ್ಟುತ್ತಿದ್ದ. ಗಣಕಯಂತ್ರದ ಹಳೆಯ ಕನ್ನಡ ಫಾಂಟುಗಳು ಮಾಡಿದ್ದೂ ಅಷ್ಟೆ. ಇಂಗ್ಲಿಷಿನ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಅಕ್ಷರದ ತುಂಡುಗಳನ್ನು ಇರಿಸಿದುವು. ಆದುದರಿಂದ ಅಂಥ ಕಡತದಲ್ಲಿ ಬರೆದಿರುವುದು ಅಕ್ಷರವಲ್ಲ. ಯಾವ ಖಾನೆಯ ಮೊಳೆಯನ್ನು ಎತ್ತಿಡಬೇಕು ಎಂಬ ಸೂಚನೆ ಮಾತ್ರ.

ಒಂದು ಉದಾಹರಣೆಯನ್ನು ನೋಡೋಣ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಉಣ್ಣುವ ಸಿಂಧನೂರಿನ ಸೀಮೆಯಲ್ಲಿ 'ಅಕ್ಕಿ' ಎಂಬುದಕ್ಕಿಂತ ಪರಿಚಿತವಾದ ಪದ ಇನ್ನಾವುದಿದ್ದೀತು? ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಸಂಕೇತದಲ್ಲಿ ಈ ಪದವು ೬೭, ೮೧, ೨೦೪ ಎಂಬ ಮೂರು ಸಂಖ್ಯೆಗಳಾಗಿ ಉಳಿಯುತ್ತದೆ. ೬೭ರ ಮನೆಯಲ್ಲಿ 'ಅ' ಇದೆ; ೮೧ರಲ್ಲಿ 'ಕಿ' ಇದೆ; ೨೦೪ರಲ್ಲಿ ಕಕಾರದ ಒತ್ತು ಇದೆ. ಆ ಫಾಂಟು ಯಂತ್ರದಲ್ಲಿ ಇರುವವರೆಗೆ ನಮಗೆ 'ಅಕ್ಕಿ' ಕಾಣುತ್ತದೆ. ಫಾಂಟನ್ನು ತೆಗೆದೊಡನೆಯೇ ಆ ಮನೆಗಳ ಮೂಲ ಒಕ್ಕಲುಗಳು ಹೊರಬರುತ್ತವೆ: ಇಂಗ್ಲಿಷಿನ ದೊಡ್ಡ 'ಸಿ', ದೊಡ್ಡ 'ಕ್ಯೂ', ತಲೆಯ ಮೇಲೆ ಓರೆಗೆರೆ ಹೊತ್ತ 'ಐ'. ಅಕ್ಕಿಯ ಸುಳಿವೇ ಅಲ್ಲಿ ಇಲ್ಲ.

'ಮಸ್ಕಿ' ಎಂಬ ಊರಿನ ಹೆಸರು ಇದಕ್ಕಿಂತಲೂ ವಿಚಿತ್ರ. ಮಕಾರಕ್ಕೆ ಆ ಪೆಟ್ಟಿಗೆಯಲ್ಲಿ ಸ್ವಂತ ಮನೆಯಿಲ್ಲ. ವಕಾರದ ಒಡಲನ್ನು ೧೭೦ರಿಂದಲೂ ತಲೆಕಟ್ಟನ್ನು ೧೯೨ರಿಂದಲೂ ಕೊಂಬನ್ನು ೧೯೬ರಿಂದಲೂ ತಂದು ಜೋಡಿಸಿದರೆ ಕಣ್ಣಿಗೆ 'ಮ' ಆಗುತ್ತದೆ. ಬಳಿಕ 'ಸಿ'ಗೆ ೧೮೫, ಕಕಾರದ ಒತ್ತಿಗೆ ೨೦೪. ಚಿತ್ರವಾಗಿ ಇದು ಸರಿ, ಭಾಷೆಯಾಗಿ ಸರಿಯಲ್ಲ. ಮಕಾರದಿಂದ ಆರಂಭವಾಗುವ ಊರುಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸು ಎಂದು ಹೇಳಿದರೆ, ಮಕಾರವನ್ನೇ ಅರಿಯದ ಕಡತವು ಅದನ್ನು ಹೇಗೆ ಮಾಡಬಲ್ಲದು?

ಈ ವ್ಯವಸ್ಥೆಯನ್ನು ಕಟ್ಟಿದವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ರಾಜ್ಯ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಇವು ಇಲ್ಲದಿದ್ದರೆ ಕನ್ನಡಿಗರು ಗಣಕಯಂತ್ರದ ಮುಂದೆ ಇನ್ನೂ ಹಲವು ವರ್ಷ ಕೈಕಟ್ಟಿ ಕುಳಿತಿರಬೇಕಾಗುತ್ತಿತ್ತು. ಅಂದಿನ ಯಂತ್ರಗಳ ಮಿತಿಯೊಳಗೆ ಬೇರೆ ದಾರಿ ಇರಲಿಲ್ಲ. ಶಾಲೆಗಳ ಸ್ಮರಣ ಸಂಚಿಕೆಗಳು, ಸಹಕಾರ ಸಂಘಗಳ ವರದಿಗಳು, ಹಳ್ಳಿಗಳ ಚರಿತ್ರೆಗಳು, ಮೊಹರಂ ಪದಗಳ ಮತ್ತು ತತ್ತ್ವಪದಗಳ ಸಂಗ್ರಹಗಳು ಹೀಗೆ ಸಾವಿರಾರು ಪುಟಗಳು ಆ ಕಾಲದಲ್ಲಿ ಆ ಸಂಕೇತದಲ್ಲಿಯೇ ಬೆರಳಚ್ಚಾದುವು.

ಮುಂದೆ ಸ್ಥಿತಿ ಬದಲಾಯಿತು. ಲೋಕದ ಲಿಪಿಗಳಿಗೆಲ್ಲ ಒಂದೇ ಒಪ್ಪಂದವಾಗಿ ಯೂನಿಕೋಡ್ ಎಂಬುದು ೧೯೯೧ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರ ವರೆಗಿನ ೧೨೮ ಸ್ಥಾನಗಳು ಮೀಸಲಾದುವು. ಸಾವಿರಾರು ರೂಪಗಳಿಗೆ ಈ ೧೨೮ ಹೇಗೆ ಸಾಲುತ್ತವೆ? ಇಲ್ಲಿ ಸ್ಥಾನ ದೊರೆತಿರುವುದು ಅಕ್ಷರಕ್ಕೆ, ಅದರ ಚಿತ್ರದ ತುಂಡಿಗಲ್ಲ. ಬರೆಹವನ್ನು ಉಚ್ಚಾರಣೆಯ ಕ್ರಮದಲ್ಲಿ ಇಟ್ಟುಕೊಳ್ಳುವುದು ಕಡತದ ಕೆಲಸ. ಅದಕ್ಕೆ ತಕ್ಕ ಚಿತ್ರವನ್ನು ಬಿಡಿಸುವುದು ಫಾಂಟಿನ ಕೆಲಸ. 'ಅಕ್ಕಿ' ಎಂಬುದು ಇಲ್ಲಿ ಅ, ಕ, ಹಲಂತ ಚಿಹ್ನೆ, ಕ, ಗುಡಿಸು ಎಂಬ ಐದು ಸಂಖ್ಯೆಗಳು: ೩೨೦೫, ೩೨೨೧, ೩೨೭೭, ೩೨೨೧, ೩೨೬೩. ಯಾವ ಫಾಂಟನ್ನು ಬದಲಿಸಿದರೂ ಇವು ಅಕ್ಕಿಯೇ. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಕನ್ನಡ ಫಾಂಟು ದೊರೆತ ಮೇಲೆ ಈ ಪದ್ಧತಿ ಸಾಮಾನ್ಯರ ಮೇಜಿಗೂ ಬಂದಿತು.

ಆದರೂ ಹಳೆಯ ಸಂಕೇತವು ಇನ್ನೂ ಮಾಯವಾಗಿಲ್ಲ. ಮುದ್ರಣಾಲಯಗಳು ಬಹುಕಾಲ ನೆಚ್ಚಿಕೊಂಡ ಪೇಜ್‌ಮೇಕರ್ ಎಂಬ ಪುಟ ವಿನ್ಯಾಸದ ತಂತ್ರಾಂಶವು ಯೂನಿಕೋಡ್ ಕನ್ನಡವನ್ನು ಜೋಡಿಸಲಾರದು. ಹೀಗಾಗಿ ಅಚ್ಚಿಗೆ ಹೋಗುವ ಬರೆಹವು ಹಳೆಯ ಸಂಕೇತದಲ್ಲಿ, ಓದುಗರಿಗೆ ಜಾಲದಲ್ಲಿ ಕಾಣಿಸುವ ಬರೆಹವು ಹೊಸ ಸಂಕೇತದಲ್ಲಿ, ಇವೆರಡರ ನಡುವೆ ಪರಿವರ್ತಕ ತಂತ್ರಾಂಶ ಎಂಬ ಸ್ಥಿತಿ ಬೆಳೆದುಬಂದಿದೆ.

ಪರಿವರ್ತಕವೆಂದರೆ ಒಂದು ಸಂಖ್ಯೆಯನ್ನು ತೆಗೆದು ಇನ್ನೊಂದನ್ನು ಇಡುವುದಷ್ಟೆ ಎಂದು ಭಾವಿಸಬಾರದು. 'ಅಕ್ಕಿ'ಯನ್ನು ಹಾಗೆ ಬದಲಿಸಿದರೆ ಗುಡಿಸು ಮೊದಲ ಕಕಾರಕ್ಕೆ ಅಂಟಿಕೊಂಡು, ಒತ್ತು ಬೇರೆಯಾಗಿ ನೇತಾಡುತ್ತದೆ. ಒತ್ತು ಎದುರಾದಾಗ ಹಿಂದಿನ ಅಕ್ಷರದ ಸ್ವರಚಿಹ್ನೆಯನ್ನು ಕಿತ್ತು, ಒತ್ತಿನ ವ್ಯಂಜನದ ಆಚೆ ನೆಡಬೇಕು. ಅರ್ಕಾವೊತ್ತಿನ ನಡತೆ ಇನ್ನೂ ಬೇರೆ. 'ಕರ್ನಾಟಕ' ಎನ್ನುವಾಗ ರಕಾರವನ್ನು ನಾವು ಮೊದಲು ಉಚ್ಚರಿಸಿ ಆಮೇಲೆ 'ನಾ' ಎನ್ನುತ್ತೇವೆ. ಆದರೆ ಬರೆಯುವಾಗ ಅರ್ಕಾವೊತ್ತು 'ನಾ' ಆದ ಮೇಲೆ ಬರುತ್ತದೆ. ಹಳೆಯ ಸಂಕೇತ ಬರೆವಣಿಗೆಯ ಕ್ರಮವನ್ನು ಹಿಡಿದಿದೆ, ಹೊಸದು ಉಚ್ಚಾರಣೆಯ ಕ್ರಮವನ್ನು. ಆದುದರಿಂದ ಪರಿವರ್ತಕವು ೨೪೦ ಎಂಬ ಅರ್ಕಾವೊತ್ತಿನ ಸಂಖ್ಯೆಯನ್ನು ಕಂಡೊಡನೆ ಹಿಂದಿರುಗಿ, ಇಡೀ 'ನಾ'ವನ್ನು ದಾಟಿ, ಅದರ ಮುಂಗಡೆ ರಕಾರವನ್ನೂ ಹಲಂತ ಚಿಹ್ನೆಯನ್ನೂ ಇಡಬೇಕು. ಬರಹ ತಂತ್ರಾಂಶದೊಡನೆ ಬಂದ ಪರಿವರ್ತಕವೂ, ಅರವಿಂದ ವಿ.ಕೆ. ಅವರು ಬರೆದು ಎಲ್ಲರಿಗೂ ಮುಕ್ತವಾಗಿ ಹಂಚಿರುವ ಪರಿವರ್ತಕವೂ ಮಾಡುವ ಕೆಲಸ ಇಂಥದು.

ಸಂಕೇತ ಬದಲಾದ ಮೇಲೂ ಕಡತದಲ್ಲಿ ಕಸ ಉಳಿಯುತ್ತದೆ. 'ಕೊ' ಎಂಬ ಅಕ್ಷರದ ಸ್ವರಚಿಹ್ನೆಯನ್ನು ೩೨೭೪ ಎಂಬ ಒಂದೇ ಸಂಖ್ಯೆಯಾಗಿಯೂ ಇಡಬಹುದು, ೩೨೭೦ ಮತ್ತು ೩೨೬೬ ಎಂಬ ಎರಡು ಸಂಖ್ಯೆಗಳ ಜೋಡಿಯಾಗಿಯೂ ಇಡಬಹುದು; ಕಣ್ಣಿಗೆ ಎರಡೂ ಒಂದೇ. ಅಕ್ಷರಗಳನ್ನು ಕೂಡಿಸಲು ಅಥವಾ ಬಿಡಿಸಲು ಬಳಸುವ ೮೨೦೪, ೮೨೦೫ ಎಂಬ ಸಂಕೇತಗಳಿಗೆ ಅಗಲವೇ ಇಲ್ಲ. ಅವು ಬೇಡದ ಎಡೆಯಲ್ಲಿ ಕುಳಿತರೂ ಕಾಣವು. ಸಾಲು ಮುಗಿಯಿತೆಂದು ತಿಳಿಸಲು ಕೆಲವು ಯಂತ್ರಗಳು ೧೦ ಎಂಬ ಒಂದು ಸಂಖ್ಯೆಯನ್ನು ಬಳಸಿದರೆ, ಮತ್ತೆ ಕೆಲವು ೧೩, ೧೦ ಎಂಬ ಎರಡನ್ನು ಬಳಸುತ್ತವೆ. ಬೆರಳಚ್ಚು ಯಂತ್ರದ ಉರುಳೆಯನ್ನು ಬಲಕ್ಕೆ ತಳ್ಳಿ, ಕಾಗದವನ್ನು ಮೇಲಕ್ಕೆ ಸರಿಸುತ್ತಿದ್ದ ಎರಡು ಚಲನೆಗಳ ನೆನಪು ಇದು.

ಈಗ ಪ್ರಯೋಗಶಾಲೆಗೆ ಬರೋಣ. ವರ್ನಿಯರ್ ಕ್ಯಾಲಿಪರ್ಸಿನ ಎರಡು ದವಡೆಗಳನ್ನು ಮುಚ್ಚಿದಾಗ ಅದರ ಸೊನ್ನೆ ಗೆರೆಗಳು ಒಂದಕ್ಕೊಂದು ಕೂಡದಿದ್ದರೆ ಅದಕ್ಕೆ ಶೂನ್ಯ ದೋಷವೆನ್ನುತ್ತೇವೆ. ಆ ಉಪಕರಣದಿಂದ ಅಳೆದ ಪ್ರತಿಯೊಂದು ಅಳತೆಯಲ್ಲಿಯೂ ಅಷ್ಟೇ ತಪ್ಪು ಇರುತ್ತದೆ. ಅದನ್ನು ಒಮ್ಮೆ ಅರಿತರೆ ಎಲ್ಲ ಅಳತೆಗಳಿಂದಲೂ ಕಳೆದುಬಿಡಬಹುದು. ಸಾವಿರ ಅಳತೆಗಳಾದರೂ ಚಿಂತೆಯಿಲ್ಲ. ಇಂಥ ತಪ್ಪು ಕ್ರಮಬದ್ಧವಾದುದು. ಇನ್ನೊಂದು ಬಗೆಯ ತಪ್ಪು ಇದೆ. ಕೈ ತುಸು ನಡುಗಿತು, ಕಣ್ಣು ಪಕ್ಕದ ಗೆರೆಯನ್ನು ಓದಿತು. ಇದು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಇದಕ್ಕೆ ನಿಯಮವಿಲ್ಲ. ಯಾವ ಒಂದು ಅಳತೆಯಲ್ಲಿ ಎಷ್ಟು ತಪ್ಪಿದೆ ಎಂದು ಸೂತ್ರದಿಂದ ಹೇಳಲಾಗದು. ಇದು ಆಕಸ್ಮಿಕ ದೋಷ. ಮರಳಿ ಅಳೆಯುವುದೊಂದೇ ಇದಕ್ಕೆ ಮದ್ದು.

ಕಡತದ ದೋಷಗಳೂ ಈ ಎರಡು ಜಾತಿಗೇ ಸೇರುತ್ತವೆ. ಹಳೆಯ ಸಂಕೇತ, ಅರ್ಕಾವೊತ್ತಿನ ಸ್ಥಾನ, ಎರಡು ಬಗೆಯ 'ಕೊ', ಸಾಲಿನ ಕೊನೆಯ ಗುರುತು ಇವು ಕ್ರಮಬದ್ಧವಾದುವು. ಒಂದು ಪುಟದಲ್ಲಿ ಹೇಗೋ ಸಾವಿರ ಪುಟಗಳಲ್ಲಿಯೂ ಹಾಗೆಯೇ. ಇವನ್ನು ಮನುಷ್ಯನ ಕೈಯಿಂದ ತಿದ್ದಿಸುವುದು ಅವಿವೇಕ. ಹಳೆಯ ಪುಸ್ತಕವನ್ನು ಮತ್ತೆ ಬೆರಳಚ್ಚು ಮಾಡಿಸಿದರಾಯಿತು ಎನ್ನುವವರು ಇದನ್ನು ಗಮನಿಸಬೇಕು: ಮರಳಿ ಬೆರಳಚ್ಚಿಸುವವನು ಕ್ರಮಬದ್ಧ ದೋಷವನ್ನು ಕಳೆಯುವುದು ನಿಜ; ಆದರೆ ಆ ಎಡೆಯಲ್ಲಿ ತನ್ನ ಆಕಸ್ಮಿಕ ದೋಷಗಳನ್ನು ಹೊಸದಾಗಿ ಬಿತ್ತುತ್ತಾನೆ. ಕಳೆಯಬಹುದಾದ ತಪ್ಪನ್ನು ಕೊಟ್ಟು ಕಳೆಯಲಾಗದ ತಪ್ಪನ್ನು ಕೊಂಡುಕೊಂಡ ವ್ಯಾಪಾರ ಅದು.

ಇದಕ್ಕೆ ಪ್ರತಿಯಾಗಿ, ಬೆರಳು ತಪ್ಪಿ ಬಿದ್ದ ಅಕ್ಷರ, ಬಿಟ್ಟುಹೋದ ಪದ, ಬೇರೊಂದು ಊರಿನ ಹೆಸರಿನೊಡನೆ ಬೆರೆತ ಹೆಸರು ಇವು ಆಕಸ್ಮಿಕವಾದುವು. ಇವನ್ನು ಬಲ್ಲವರು ಮೂಲದೊಡನೆ ಹೋಲಿಸಿಯೇ ತಿದ್ದಬೇಕು. ಇಲ್ಲಿ ಯಂತ್ರವು ಊಹಿಸಹೊರಟರೆ ಅನರ್ಥ.

ಈ ಭೇದವು ನಮ್ಮ ಸೀಮೆಗೆ ಹೊಸದಲ್ಲ. ಮಸ್ಕಿಯ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯಲ್ಲಿರುವ ಅಶೋಕನ ಶಾಸನವನ್ನು ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಕಂಡನು. ಆಗ ರಾಯಚೂರು ಸೀಮೆಯು ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ಅರಸನ ಬಿರುದುಗಳಷ್ಟೇ ಇದ್ದುವು. ಅಶೋಕ ಎಂಬ ಹೆಸರೇ ಕಾಣಿಸಿದ್ದು ಇಲ್ಲಿ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಬರೆಹವನ್ನು ಕಂಡ ವರ್ಷವೇ ಓದಲು ಹೇಗೆ ಸಾಧ್ಯವಾಯಿತು? ಜೇಮ್ಸ್ ಪ್ರಿನ್ಸೆಪ್ ೧೮೩೭ರಲ್ಲಿ ಬಿಡಿಸಿದ ಬ್ರಾಹ್ಮಿಯ ಕೀಲಿಯು ಗುಟ್ಟಾಗಿರದೆ ವಿದ್ವಾಂಸರೆಲ್ಲರ ಕೈಯಲ್ಲಿ ಇದ್ದುದರಿಂದ.

ಆ ಬಂಡೆಯಲ್ಲಿ ಅಲ್ಲಲ್ಲಿ ಕಲ್ಲು ಚಕ್ಕೆಯೆದ್ದು ಅಕ್ಷರಗಳು ಅಳಿದಿವೆ. ಇದು ಆಕಸ್ಮಿಕ ದೋಷ; ಯಾವ ಸೂತ್ರವೂ ಅವನ್ನು ಮರಳಿ ತಾರದು. ಅದೇ ಶಾಸನದ ಬೇರೆ ಪಾಠಗಳು ಬ್ರಹ್ಮಗಿರಿ ಮೊದಲಾದ ಕಡೆಗಳಲ್ಲಿವೆ. ಅವುಗಳೊಡನೆ ಹೋಲಿಸಿ ಲುಪ್ತ ಅಕ್ಷರವನ್ನು ಊಹಿಸಬೇಕು. ಹಾಗೆ ಊಹಿಸಿದ ಅಕ್ಷರವನ್ನು ಶಾಸನತಜ್ಞರು ಕಂಸದೊಳಗೆ ಇಡುತ್ತಾರೆ. ಕಲ್ಲು ಹೇಳಿದ್ದು ಎಷ್ಟು, ತಾವು ಹೇಳಿದ್ದು ಎಷ್ಟು ಎಂಬುದನ್ನು ಓದುಗನಿಂದ ಮುಚ್ಚಿಡುವುದಿಲ್ಲ. ಇದಕ್ಕೆ ಹೋಲಿಸಿ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಎರ್ರಗುಡಿಯನ್ನು ನೋಡಬೇಕು. ಅಲ್ಲಿಯ ಅಶೋಕನ ಕಿರುಶಾಸನದಲ್ಲಿ ಕೆಲವು ಸಾಲುಗಳು ರೂಢಿಯಂತೆ ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ ಓಡುತ್ತವೆ. ಮೊದಲು ನೋಡಿದವನಿಗೆ ಅದು ಬರಿಯ ಗೊಂದಲ. ಸಾಲು ತಿರುಗುವ ಕ್ರಮವನ್ನು ಕಂಡುಹಿಡಿದವನಿಗೆ ಅಕ್ಷರಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಇದು ಕ್ರಮಬದ್ಧ ದೋಷ. ಒಂದು ಬಂಡೆಯಲ್ಲಿ ಹೊಂದಿಕೆ ಕೆಟ್ಟಿದೆ, ಬರೆಹ ಉಳಿದಿದೆ. ಇನ್ನೊಂದರಲ್ಲಿ ಬರೆಹವೇ ಕೆಲವೆಡೆ ಹೋಗಿದೆ. ಎರಡಕ್ಕೂ ಒಂದೇ ಚಿಕಿತ್ಸೆಯಲ್ಲ.

ಗಣಕಯಂತ್ರದ ಕಾಲದಲ್ಲಿ ಈ ಎಚ್ಚರವನ್ನು ಮರೆಯುವುದು ಬಲು ಸುಲಭ. ಸೊನ್ನೆಯ ವಿಷಯವನ್ನೇ ತೆಗೆದುಕೊಳ್ಳಿ. ಕಡತದಲ್ಲಿ ಇರುವ ಸೊನ್ನೆಗಳನ್ನೆಲ್ಲ ಅನುಸ್ವಾರ ಮಾಡು ಎಂದು ಆಜ್ಞಾಪಿಸಿದರೆ ಲಿಂಗಸುಗೂರು, ಸಿಂಧನೂರುಗಳು ಸರಿಯಾಗುವುವು. ಆದರೆ ೨೦೦೧ ಎಂಬ ಇಸವಿ ಹಾಳಾಗುವುದು. ಸೊನ್ನೆಯ ಹಿಂದೆ ಅಕ್ಷರವಿದ್ದರೆ ಅನುಸ್ವಾರ ಮಾಡು, ಅಂಕಿಯಿದ್ದರೆ ಹಾಗೆಯೇ ಬಿಡು ಎಂದರೆ '೧೦ನೆಯ' ಎಂಬುದೂ ಉಳಿಯುತ್ತದೆ. ಇದು ಉತ್ತಮವಾದ ನಿಯಮ. ಆದರೂ ಅಕ್ಷರದ ಬೆನ್ನಿಗೇ ಸೊನ್ನೆಯಿಂದ ಆರಂಭವಾಗುವ ಕ್ರಮಸಂಖ್ಯೆಯೊಂದು ಕಡತದಲ್ಲಿ ಇದ್ದರೆ ಈ ನಿಯಮವೂ ಎಡವುತ್ತದೆ. ಅಂಥ ಎಡೆಯನ್ನು ಮೌನವಾಗಿ ಬದಲಿಸದೆ ಗುರುತು ಹಾಕಿ ಮನುಷ್ಯನ ಮುಂದಿಡುವ ತಂತ್ರಾಂಶವೇ ಪ್ರಾಮಾಣಿಕವಾದುದು.

ಇನ್ನು ಸಾಲುಗಳ ಮಾತು. ಗದ್ಯದ ನಡುವೆ ಅಕಾರಣವಾಗಿ ತುಂಡಾದ ಸಾಲುಗಳನ್ನು ಕೂಡಿಸುವುದು ಯಂತ್ರಕ್ಕೆ ಸುಲಭ. ಅದೇ ನಿಯಮವನ್ನು ತತ್ತ್ವಪದಗಳ ಸಂಗ್ರಹದ ಮೇಲೆ ನಡೆಸಿದರೆ ಪಲ್ಲವಿಯೂ ನುಡಿಯೂ ಒಂದಾಗಿ ಹಾಡು ಮಾಯವಾಗುತ್ತದೆ. ಹಳೆಯ ಸಂಕೇತದ ಕಡತದಲ್ಲಿ ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕವು ಅವನ್ನೂ ಕನ್ನಡದ ತುಂಡುಗಳೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನು ಸುರಿಯುತ್ತದೆ. ಯಂತ್ರದ ದೃಷ್ಟಿಯಲ್ಲಿ ಎರಡೂ ಅದೇ ಸಂಖ್ಯೆಗಳಲ್ಲವೆ?

ಇವೆಲ್ಲಕ್ಕಿಂತ ದೊಡ್ಡ ಅಪಾಯ ಮತ್ತೊಂದಿದೆ. ಕಾಗುಣಿತವನ್ನು ತಿದ್ದುವ, ವಾಕ್ಯವನ್ನೇ ಸರಿಪಡಿಸಿಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈಗ ಸುಲಭವಾಗಿ ದೊರೆಯುತ್ತಿವೆ. ಲಿಂಗಸುಗೂರಿನ ಸೀಮೆಯ ಮುದುಕನೊಬ್ಬನ ಮಾತನ್ನು ವಿದ್ಯಾರ್ಥಿಯೊಬ್ಬನು ಇದ್ದಂತೆಯೇ ಬರೆದುಕೊಂಡನೆನ್ನಿ. ಅದರಲ್ಲಿ 'ಹೋಗ್ಯಾನ', 'ಮಾಡ್ಯಾರ', 'ಐತಿ' ಎಂಬ ರೂಪಗಳಿರುತ್ತವೆ. ಅದನ್ನು ಶುದ್ಧಗೊಳಿಸು ಎಂದು ಯಂತ್ರಕ್ಕೆ ಒಪ್ಪಿಸಿದರೆ 'ಹೋಗಿದ್ದಾನೆ', 'ಮಾಡಿದ್ದಾರೆ', 'ಇದೆ' ಎಂದು ತಿದ್ದಿ ಕೊಟ್ಟೀತು. ಪುಟವು ಅಂದವಾಗುತ್ತದೆ, ಮುದುಕನು ಮಾತ್ರ ಅದರೊಳಗಿಂದ ಎದ್ದುಹೋಗಿರುತ್ತಾನೆ. ಯಂತ್ರವು ಕಲಿತ ಕನ್ನಡದಲ್ಲಿ ರಾಯಚೂರು ಜಿಲ್ಲೆಯ ನುಡಿ ವಿರಳವಾಗಿದ್ದರೆ, ವಿರಳವಾದುದನ್ನು ಅದು ತಪ್ಪೆಂದು ಎಣಿಸುವುದು ಸಹಜ. ಆದರೆ ವಿರಳವಾದುದೆಲ್ಲ ತಪ್ಪಲ್ಲ. ಪ್ರಯೋಗದಲ್ಲಿ ನಿರೀಕ್ಷೆಗೆ ಹೊಂದದ ಅಳತೆಯನ್ನೆಲ್ಲ ಅಳಿಸಿಹಾಕುವ ವಿದ್ಯಾರ್ಥಿ ಹೊಸದಾವುದನ್ನೂ ಕಂಡುಹಿಡಿಯಲಾರ. ಕಡತವನ್ನು ತಿದ್ದುವಾಗಲೂ ಇದು ನಿಜ.

ಹಾಗಾದರೆ ಒಳ್ಳೆಯ ಶೋಧಕ ತಂತ್ರಾಂಶದ ಲಕ್ಷಣವೇನು? ನನ್ನ ಅಭಿಪ್ರಾಯದಲ್ಲಿ ನಾಲ್ಕು. ಮೊದಲನೆಯದಾಗಿ, ಅದು ಮೂಲ ಕಡತವನ್ನು ಮುಟ್ಟದೆ ತಿದ್ದಿದ ಪ್ರತಿಯನ್ನು ಬೇರೆಯಾಗಿ ಬರೆಯಬೇಕು. ಎರಡನೆಯದಾಗಿ, ಅದು ಯಾವ ನಿಯಮದಿಂದ ಏನನ್ನು ಬದಲಿಸಿತೆಂಬುದು ಎಲ್ಲರೂ ಓದುವಂತೆ ತೆರೆದಿರಬೇಕು. ಬ್ರಾಹ್ಮಿಯ ಕೀಲಿಯು ತೆರೆದಿದ್ದಂತೆ. ಮೂರನೆಯದಾಗಿ, ಸಂದೇಹವಿರುವಲ್ಲಿ ತಾನೇ ತೀರ್ಪು ಕೊಡದೆ, ಶಾಸನತಜ್ಞರ ಕಂಸದಂತೆ ಗುರುತು ಮಾಡಬೇಕು. ನಾಲ್ಕನೆಯದಾಗಿ, ಶುದ್ಧವಾದ ಕಡತದ ಮೇಲೆ ಅದನ್ನು ಮತ್ತೊಮ್ಮೆ ನಡೆಸಿದರೆ ಏನೂ ಬದಲಾಗಬಾರದು. ಎರಡನೆಯ ಸಲವೂ ಅದು ಏನಾದರೂ ತಿದ್ದಿತೆಂದರೆ, ಮೊದಲ ಸಲದ ಕೆಲಸ ಮುಗಿದಿರಲಿಲ್ಲ, ಇಲ್ಲವೆ ಅದು ಸರಿಯನ್ನೇ ಕೆಡಿಸುತ್ತಿದೆ. ಈ ಕೊನೆಯ ಪರೀಕ್ಷೆಯನ್ನು ಯಾವ ವಿದ್ಯಾರ್ಥಿಯೂ ಒಂದು ನಿಮಿಷದಲ್ಲಿ ಮಾಡಿನೋಡಬಹುದು.

ಇಷ್ಟು ಎಚ್ಚರಿಕೆ ವಹಿಸುತ್ತ ಕುಳಿತರೆ ಕೆಲಸ ಸಾಗುವುದು ಎಂತು ಎಂಬ ಆಕ್ಷೇಪ ಬರಬಹುದು. ಇದರಲ್ಲಿ ಹುರುಳಿಲ್ಲದೆ ಇಲ್ಲ. ಹಳೆಯ ಸಂಕೇತದ ಕಡತಗಳು ಅಳಿಯುತ್ತಿರುವ ವೇಗವು ಕಡಿಮೆಯೇನಲ್ಲ. ಅವನ್ನು ಬೆರಳಚ್ಚಿಸಿದ ಯಂತ್ರಗಳು ಗುಜರಿ ಸೇರುತ್ತಿವೆ. ಅವನ್ನು ಹೊತ್ತ ತಟ್ಟೆಗಳನ್ನು ಓದುವ ಸಾಧನಗಳು ವಿರಳವಾಗುತ್ತಿವೆ. ಯಾವ ಕಡತಕ್ಕೆ ಯಾವ ಫಾಂಟು ಎಂಬುದನ್ನು ಬಲ್ಲವರು ನಿವೃತ್ತರಾಗುತ್ತಿದ್ದಾರೆ. ಆದರೆ ಮೇಲೆ ಹೇಳಿದ ವಿವೇಚನೆಯು ಕೆಲಸವನ್ನು ತಡಮಾಡುವುದಿಲ್ಲ, ಹಗುರಗೊಳಿಸುತ್ತದೆ. ಕ್ರಮಬದ್ಧ ದೋಷಗಳೆಲ್ಲವನ್ನೂ ಯಂತ್ರವು ಕ್ಷಣಾರ್ಧದಲ್ಲಿ ಕಳೆದ ಮೇಲೆ ಮನುಷ್ಯನ ಕಣ್ಣಿಗೆ ಉಳಿಯುವ ಕೆಲಸ ಸ್ವಲ್ಪವೇ. ಆ ಸ್ವಲ್ಪವನ್ನು ಮಾಡಲು ಮನಸ್ಸು ಬೇಕು.

ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಇಂದು ತಾಲ್ಲೂಕು ಕೇಂದ್ರಗಳು. ಇಲ್ಲಿಯ ಪ್ರೌಢಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸವೊಂದು ಇದೆ. ನಿಮ್ಮ ಶಾಲೆಯ ಹಳೆಯ ಸ್ಮರಣ ಸಂಚಿಕೆ, ಊರಿನ ಮುದ್ರಣಾಲಯದಲ್ಲಿ ಉಳಿದ ಜಾತ್ರೆಯ ಕರಪತ್ರ, ಯಾರೋ ಆಸಕ್ತರು ಕೂಡಿಸಿಟ್ಟ ಪದಗಳ ಸಂಗ್ರಹ ಇವುಗಳ ಕಡತಗಳನ್ನು ಒಡೆಯರ ಒಪ್ಪಿಗೆ ಪಡೆದು ತಂದುಕೊಳ್ಳಿ. ಮೂಲವನ್ನು ಒಂದೆಡೆ ಜೋಪಾನವಾಗಿ ಇರಿಸಿ. ಮುಕ್ತ ಪರಿವರ್ತಕದಿಂದ ಯೂನಿಕೋಡಿಗೆ ತನ್ನಿ. ಪೈಥಾನ್ ಕಲಿತವರು ಸೊನ್ನೆಯ ನಿಯಮವನ್ನೂ 'ಕೊ'ಕಾರದ ನಿಯಮವನ್ನೂ ತಾವೇ ಬರೆಯಬಹುದು. ಹತ್ತಿಪ್ಪತ್ತು ಸಾಲುಗಳು ಸಾಕು. ಬಳಿಕ ಕನ್ನಡ ತರಗತಿಯ ಇಬ್ಬರು ಕುಳಿತು, ಒಬ್ಬರು ಅಚ್ಚಾದ ಪುಟವನ್ನು ಗಟ್ಟಿಯಾಗಿ ಓದುತ್ತಿರಲು ಇನ್ನೊಬ್ಬರು ತೆರೆಯ ಮೇಲೆ ನೋಡುತ್ತ ಬರಲಿ. ವಿಜ್ಞಾನದ ವಿದ್ಯಾರ್ಥಿಗೂ ಸಾಹಿತ್ಯದ ವಿದ್ಯಾರ್ಥಿಗೂ ಇಷ್ಟು ಸಮನಾಗಿ ಪಾಲು ಇರುವ ಕೆಲಸ ಅಪರೂಪ.

ಅಧಿಕಾರದಲ್ಲಿರುವವರಲ್ಲಿಯೂ ಒಂದು ಬಿನ್ನಹ. ಜನರ ಹೆಸರುಗಳಿರುವ ಯಾವ ಪಟ್ಟಿಯೂ ಈ ಕ್ರಮಬದ್ಧ ದೋಷಗಳ ಶೋಧನೆಯಾಗದೆ ಇನ್ನೊಂದು ಪಟ್ಟಿಯೊಡನೆ ಹೋಲಿಕೆಗೆ ಹೋಗಬಾರದು. ಹೋಲಿಕೆಯಲ್ಲಿ ಹೆಸರು ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಕೈಬಿಡಬಾರದು. ಬಿಟ್ಟುಹೋದ ಹೆಸರುಗಳನ್ನು ಮನುಷ್ಯನೊಬ್ಬನು ನೋಡಬೇಕು. ಒಂದು ಸೊನ್ನೆಯ ತಪ್ಪಿಗೆ ಗಂಗಮ್ಮನು ತಾಲ್ಲೂಕು ಕಚೇರಿಗೆ ಹತ್ತು ಸಲ ನಡೆಯುವುದು ನ್ಯಾಯವಲ್ಲ.

ಯಂತ್ರಕ್ಕೆ ನಿಯಮ ಗೊತ್ತು, ಮನುಷ್ಯನಿಗೆ ಅರ್ಥ ಗೊತ್ತು. ನಿಯಮದಿಂದ ಆದ ತಪ್ಪನ್ನು ನಿಯಮವೇ ತಿದ್ದಲಿ. ಅರ್ಥವನ್ನು ಅರಿತು ತಿದ್ದಬೇಕಾದ ತಪ್ಪು ಅರಿತವರಿಗಾಗಿ ಕಾಯಲಿ. ಕಾಯುವಷ್ಟು ಕಾಲ ಮೂಲವು ಮಾತ್ರ ಅಳಿಯದೆ ಇರಬೇಕು.